ಎರಡು ಬೆರಳು ಸಡಿಲ

ಗಾಳಿ ಎದ್ದರೆ ನನಗೆ ಈಗಲೂ ಕುಂತಲ್ಲಿ ಕೂಡಲಾಗುವುದಿಲ್ಲ. ಉಣ್ಣುತ್ತಿದ್ದರೆ ತಟ್ಟೆ ಬಿಟ್ಟು ಏಳುತ್ತೇನೆ. ಎಲ್ಲಿಗೆ ಅಂತ ಕೇಳುವುದನ್ನು ಹೆಂಡತಿ ಬಿಟ್ಟು ಎಷ್ಟೋ ದಿನವಾಯಿತು. "ಹೋಗ್ರಿ, ನಿಮ್ಮ ಹಕ್ಕಿ ಕಾಲು ಹಿಡಕೊಂಡು ಕುಂದರ್ರಿ" ಅಂತಾಳೆ. ಕೊಳಗಲ್ಲಿನ ನಮ್ಮ ಮನೆ ಮಾಳಿಗೆ ಹತ್ತಿದರೆ ದೂರದಲ್ಲಿ ಕುಡತಿನಿಯ ಕರೆಂಟು ತಯಾರಿಸುವ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ಆ ಹೊಗೆ ಯಾವ ಕಡೆ ಬಾಗಿದೆ ಅಂತ ನೋಡದೆ ನಾನು ಬೆಳಿಗ್ಗೆ ಚಹಾ ಕುಡಿಯುವುದಿಲ್ಲ. ಈ ರೋಗ ನನಗೆ ಹಚ್ಚಿದವರು ಒಬ್ಬರಿದ್ದರು. ಕುರುಗೋಡಿನವರು. ಹೋದ ತಿಂಗಳು ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಂದು ಮಾತು ಅಂಟಿಕೊಂಡಿತ್ತು. ಸುಳ್ಳು ಮಾತು. ಅಂಟಿಸಿದವನು ನಾನು. ಅದನ್ನು ಕಿತ್ತು ತೆಗೆಯುವ ತನಕ ಹೆಸರು ಹೇಳುವ ಹಕ್ಕು ನನಗಿಲ್ಲ ಅಂದುಕೊಂಡು ಇಷ್ಟು ದಿನ ಯಜಮಾನ್ರು ಅಂತಲೇ ಕರೆದೆ. ಇಲ್ಲೂ ಹಾಗೇ ಇರಲಿ.

ಹಗ್ಗ ನನ್ನ ಕಸುಬು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಸಿರುಗುಪ್ಪದ ರೈಸ್ ಮಿಲ್ಲುಗಳ ಮುಂದೆ ಲಾರಿಗೆ ಲೋಡು ಕಟ್ಟಲು ನಿಂತವನು. ಭತ್ತದ ಮೂಟೆ ಮೇಲೆ ತಾಡಪತ್ರಿ ಎಳೆದು, ಹಗ್ಗ ಅಡ್ಡಡ್ಡ ಹಾಯಿಸಿ, ಲಾರಿಗೆ ಒಂದು ಕಾಲು ಕೊಟ್ಟು ಜಗ್ಗಿ ಗಂಟು ಹಾಕಿದೆನೆಂದರೆ ಎಷ್ಟು ದೂರ ಹೋದರೂ ಒಂದು ಮೂಟೆ ಕದಲುತ್ತಿರಲಿಲ್ಲ. "ಕೊಳಗಲ್ಲಾತ ಕಟ್ಯಾನೇನು? ಹಂಗಾರ ನಡಿ" ಅಂತ ಡ್ರೈವರುಗಳು ಹಿಂದೆ ನೋಡದೆ ಗಾಡಿ ಬಿಡುತ್ತಿದ್ದರು. ಪುಂಡಿ ನಾರಿನ ಹಗ್ಗ ನಾನೇ ಹೊಸೆಯುತ್ತಿದ್ದೆ, ಈಗಲೂ ಹೊಸೆಯುತ್ತೇನೆ. ಜಂಬ ಅನ್ನುತ್ತೀರಾ? ಅನ್ನಿ. ದುಡಿದು ಗಳಿಸಿದ ಜಂಬ.

ಕೊಳಗಲ್ಲು ದಾಟಿ ಕುರುಗೋಡು ಕಡೆ ಹೋಗುವಾಗ, ಎರೆಹೊಲಗಳ ನಡುವೆ, ವಿಮಾನ ಹಾರಿಸುವುದನ್ನು ಕಲಿಸುವ ಒಂದು ಸಣ್ಣ ಸಾಲಿ ಶುರುವಾಯಿತು. ಹೈದರಾಬಾದಿನಿಂದ ಬಂದ ಕ್ಯಾಪ್ಟನ್ ಒಬ್ಬರು ಅದರ ಒಡೆಯರು. ಎರಡು ಸಣ್ಣ ವಿಮಾನ (ನನ್ನ ಹೆಂಡತಿ ಹಕ್ಕಿ ಅನ್ನುವುದು ಇವಕ್ಕೇ), ಒಂದು ತಗಡಿನ ಶೆಡ್ಡು. ಶೆಡ್ಡಿನಲ್ಲಿ ಯಾವಾಗಲೂ ರಿಪೇರಿ ಸಾಮಾನು ತುಂಬಿರುತ್ತಿತ್ತು, ಹಾಗಾಗಿ ವಿಮಾನ ಬಯಲಲ್ಲೇ ನಿಲ್ಲುತ್ತಿದ್ದವು. ಅವನ್ನು ಕಟ್ಟಲು ಹಗ್ಗ ಬಲ್ಲವನು ಬೇಕು ಅಂತ ನನ್ನನ್ನು ಕರೆಸಿದರು.

ನಾನು ಹೋದಾಗ ರೆಕ್ಕೆಯ ನೆರಳಲ್ಲಿ ಒಬ್ಬ ಸಣಕಲು ಮನುಷ್ಯ ಕಣ್ಣು ಮುಚ್ಚಿ ನಿಂತಿದ್ದರು. ತಲೆಯನ್ನು ನಿಧಾನಕ್ಕೆ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು ತಿರುಗಿಸುತ್ತಿದ್ದರು. ಕಿವಿನೋವು ಇರಬೇಕು ಪಾಪ ಅಂದುಕೊಂಡೆ.

"ನೀನೂ ಮಾಡು" ಅಂದರು, ಕಣ್ಣು ಬಿಡದೆ.

"ಏನ್ ಮಾಡಬೇಕ್ರಿ?"

"ಎರಡೂ ಕಿವ್ಯಾಗ ಒಂದ ಸಮ ಸಪ್ಪಳ ಬರೋತನಕ ಮಾರಿ ತಿರುಗಿಸು. ಆವಾಗ ನಿನ್ನ ಮೂಗು ಎಲ್ಲಿ ಇರತೈತೋ ಅಲ್ಲಿಂದ ಗಾಳಿ ಬರಾಕತ್ತೈತಿ ಅಂತ. ಇದರ ಮೂಗೂ ಅಲ್ಲೇ ಇರಬೇಕು. ಹಿಂದಿಂದ ಗಾಳಿ ತಗೊಂಡ್ರ ಬಾಲ ಎತ್ತತೈತಿ."

ಅವರೇ ಯಜಮಾನ್ರು, ಆ ಸಾಲಿಯ ಮೆಕ್ಯಾನಿಕ್ಕು. ದೇಶದ ಎಷ್ಟೋ ಕಡೆ ವಿಮಾನ ರಿಪೇರಿ ಮಾಡಿ, ನಿವೃತ್ತಿಯಾಗಿ ಊರಿಗೆ ಬಂದಿದ್ದವರನ್ನು ಕ್ಯಾಪ್ಟನ್ ಹುಡುಕಿ ತಂದಿದ್ದರು. ಕಣ್ಣಿಗೆ ಆಗಲೇ ಪೊರೆ ಬರಲು ಶುರುವಾಗಿತ್ತು. ಕಣ್ಣಿನ ಕೆಲಸವನ್ನು ಕಿವಿಗೂ ಬೆರಳಿಗೂ ಹಂಚಿಕೊಟ್ಟುಬಿಟ್ಟಿದ್ದರು.

"ಇದರ ತೂಕ ಎಷ್ಟಿರಬೇಕು ಹೇಳು ನೋಡೋಣು" ಅಂದರು.

ಅಷ್ಟಗಲ ರೆಕ್ಕೆ, ಒಳಗೆ ಇಂಜಿನ್ನು. "ಎರಡು ಟನ್ ಇರಬೇಕ್ರಿ" ಅಂದೆ.

"ಹತ್ತು ಮೂಟಿ ಭತ್ತ. ಅಷ್ಟ. ನಿನ್ನ ಲಾರಿಗೆ ಗಾಳಿ ಬಡದರ ಬರೇ ಬಡದಂಗ. ಇದಕ್ಕ ಬಡದರ, ನಡಿ ಹೋಗೋಣು ಅಂತ ಕರದಂಗ. ಒಳಗ ಡ್ರೈವರ್ ಅದಾನೋ ಇಲ್ಲೋ ಅಂತ ಇದು ಕೇಳಂಗಿಲ್ಲಲೇ. ಹೊರಟ ಬಿಡತೈತಿ."

ಕ್ಯಾಪ್ಟನ್ ಎಲ್ಲಿಂದಲೋ ತರಿಸಿದ್ದ ಕಬ್ಬಿಣದ ಗೂಟಗಳಿದ್ದವು. ಒಂದು ಮೊಳ ಉದ್ದ, ಬಣ್ಣ ಹಚ್ಚಿದ್ದವು, ನೋಡಲು ಬಲು ಚಂದ. ಹೊಡೆದು ತೋರಿಸಿದರು. ನಾನು ಎರಡು ಕೈ ಹಾಕಿ ಜಗ್ಗಿದೆ, ಮೂಲಂಗಿ ಕಿತ್ತಂತೆ ಬಂತು. ಎರೆಮಣ್ಣು ನಮಗೆ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಯಲ್ಲಿ ಅಂಬಲಿ. ಅದರಲ್ಲಿ ಗೂಟ ನಿಲ್ಲುವುದಿಲ್ಲ. ಒಂದು ವಾರ ಯೋಚಿಸಿದೆ. ರಾಶಿ ಮಾಡುವ ಮಷೀನು ಬಂದ ಮೇಲೆ ಕಣದಲ್ಲಿ ಉರುಳಿಸುತ್ತಿದ್ದ ಕಲ್ಲಿನ ಗುಂಡುಗಳು ಊರೂರಿನ ತಿಪ್ಪೆ ಪಕ್ಕ ಬಿದ್ದಿದ್ದವಲ್ಲ, ಆರು ಗುಂಡು ಟ್ರಾಕ್ಟರಿಗೆ ಹೇರಿಕೊಂಡು ಬಂದೆ. ಆಳೆತ್ತರ ಗುಂಡಿ ತೋಡಿ, ಕಲ್ಲಿಗೆ ಸರಪಳಿ ಸುತ್ತಿ, ಅಡ್ಡ ಮಲಗಿಸಿ ಹೂತೆ. ಸರಪಳಿಯ ತುದಿಯ ಬಳೆ ಮಾತ್ರ ನೆಲದ ಮೇಲೆ. ಒಂದೊಂದು ವಿಮಾನಕ್ಕೆ ಮೂರು: ರೆಕ್ಕೆಗೆ ಎರಡು, ಬಾಲಕ್ಕೆ ಒಂದು.

ಯಜಮಾನ್ರು ಬಳೆ ಹಿಡಿದು ಜಗ್ಗಿದರು, ಕೂತರು, ಮತ್ತೆ ಎದ್ದು ಜಗ್ಗಿದರು. "ಇದನ್ನ ಯಾವ ಪುಸ್ತಕದಾಗೂ ಬರದಿಲ್ಲ ನೋಡು" ಅಂದರು. ನನಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ಹೊಗಳಿದ ಬಾಯಲ್ಲೇ ಬೈಗುಳ ಬರಲು ಮೂರು ದಿನ ಸಾಕಾಯಿತು. ನಾನು ಲಾರಿಗೆ ಜಗ್ಗುವಂತೆ ಜಗ್ಗಿ ಬಿಗಿದಿದ್ದೆ. ರಾತ್ರಿ ಒಂದು ಅಡ್ಡಮಳೆ ಬಂದು ಹೋಗಿತ್ತು. ಬೆಳಿಗ್ಗೆ ಅವರು ಬಂದು ಹಗ್ಗಕ್ಕೆ ಬೆರಳು ಮೀಟಿದರು. ಟಂಯ್ ಅಂತು.

"ಏನಲೇ ಹಗ್ಗದ ಸಾವ್ಕಾರ, ವಿಮಾನ ಕಟ್ಟು ಅಂದ್ರ ಏಕತಾರಿ ಮಾಡೀಯಲ್ಲ!"

ನಾರಿನ ಹಗ್ಗ ನೆಂದರೆ ಕುಗ್ಗಿ ಮೋಟಾಗುತ್ತದೆ. ನನಗೇನು ಗೊತ್ತಿಲ್ಲದ ಸಂಗತಿಯಲ್ಲ. ಮೂಟೆಗೆ ಅದರಿಂದ ಲಾಭವೇ, ಇನ್ನಷ್ಟು ಬಿಗಿ. ರೆಕ್ಕೆಗೆ ಹಾಗಲ್ಲ. ರೆಕ್ಕೆಯ ಕೆಳಗೆ ಹಗ್ಗ ಕಟ್ಟುವ ಬಳೆಯ ಸುತ್ತ ತಗಡು ಸಣ್ಣಗೆ ಮಡಿಚಿಕೊಂಡದ್ದನ್ನು ನನ್ನ ಬೆರಳು ಹಿಡಿದು ಸವರಿಸಿ ತೋರಿಸಿದರು. ಆಮೇಲೆ ಹಗ್ಗ ಬಿಚ್ಚಿ ತಾವೇ ಕಟ್ಟಿದರು. ತಮ್ಮ ತೋರುಬೆರಳು, ನಡುಬೆರಳು ಜೋಡಿಸಿ ಹಗ್ಗದ ಕೆಳಗೆ ಅಡ್ಡ ಇಟ್ಟು, ಅಷ್ಟು ಸಡಿಲ ಬಿಟ್ಟು ಗಂಟು ಹಾಕಿದರು.

"ಎರಡು ಬೆರಳು. ಮೂರಾದ್ರ ಜಗ್ಗಿ ಹರಕೋತೈತಿ, ಒಂದಾದ್ರ ಮುರಕೋತೈತಿ. ಇದನ್ನ ಬಿಗಿಯಾಕ ಹೋಗಬ್ಯಾಡ. ಬರೇ ಹಿಡಕೋ."

ನನಗೆ ಸಿಟ್ಟು ಬಂತು. ಅಷ್ಟು ವರ್ಷ ಕಟ್ಟಿದವನಿಗೆ ಸಡಿಲ ಬಿಡು ಅನ್ನುವವರು ಯಾರೂ ಸಿಕ್ಕಿರಲಿಲ್ಲ. ಒಂದು ಭಾನುವಾರ ಹಟ ಮಾಡಿ ಅವರನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದೆ. ನೋಡಲಿ ನಾನು ಯಾರು ಅಂತ. ಅವತ್ತು ಮಿಲ್ಲಿನ ಮುಂದೆ ನನ್ನ ಹಳೇ ಜೊತೆಗಾರರ ಎದುರು ಎರಡು ಲಾರಿ ಕಟ್ಟಿದೆ. ಯಜಮಾನ್ರು ಚಹಾದಂಗಡಿಯ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತು ನೋಡಿದರು. ಮುಗಿದ ಮೇಲೆ ಹೊಗಳಿಕೆ ಬರುತ್ತದೆ ಅಂತ ನಾನು ಬೆವರು ಒರೆಸಿಕೊಳ್ಳುತ್ತಾ ನಿಂತರೆ, ಆ ವಯಸ್ಸಿನ ಮನುಷ್ಯ ಎದ್ದು ಬಂದು ಲಾರಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, "ಆ ಕಡೇದ ಗಂಟು ನನಗ ಕಲಿಸು" ಅಂದರು. ಎಲ್ಲರ ಎದುರಿಗೆ. ಹನ್ನೊಂದು ಸಲ ತಪ್ಪು ಹಾಕಿದರು, ಹನ್ನೆರಡನೇ ಸಲ ಬಂತು. ಬಸ್ಸಿನಲ್ಲಿ ವಾಪಸು ಬರುವಾಗಲೂ ಹೆಗಲ ಮೇಲಿನ ಟವೆಲಿಗೆ ಅದೇ ಗಂಟು ಹಾಕುತ್ತಾ, ಬಿಚ್ಚುತ್ತಾ ಕೂತಿದ್ದರು. ನನ್ನ ಸಿಟ್ಟು ದಾರಿಯಲ್ಲಿ ಮೋಕ ಊರು ಬರುವಷ್ಟರಲ್ಲಿ ಇಳಿದಿತ್ತು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಅವರಿಗೆ ಯಾರ ಮುಂದೆಯೂ ನಾಚಿಕೆ ಇರಲಿಲ್ಲ. ನನಗೆ ಇತ್ತು. ಅಲ್ಲೇ ಎಲ್ಲ ಕೆಟ್ಟಿತು.

ಅವರದೊಂದು ನೋಟುಬುಕ್ಕು ಇತ್ತು, ಉದ್ದನೆಯದು, ಅಂಗಡಿಯವರು ಇಟ್ಟುಕೊಳ್ಳುತ್ತಾರಲ್ಲ ಅಂಥದ್ದು. ದಿನಾ ಸಂಜೆ ವಿಮಾನ ಕಟ್ಟಿದ ಮೇಲೆ ಅದರಲ್ಲಿ ಒಂದು ಸಾಲು ಬರೆಯಬೇಕು. ಗಾಳಿ ಎಲ್ಲಿಂದ, ಹಗ್ಗ ಎಷ್ಟು, ಎಷ್ಟು ಸಡಿಲ, ಮತ್ತೇನು ಮಾಡಿದೆ, ಕಟ್ಟಿದವರು ಯಾರು. "ನೀವ ಬರೀರಿ ಯಜಮಾನ್ರ, ನಾ ಹೇಳ್ತೀನಿ" ಅಂದೆ ಮೊದಲ ದಿನ. ನನಗೆ ಸಹಿ ಬಿಟ್ಟರೆ ಬರೆದು ರೂಢಿಯಿರಲಿಲ್ಲ.

"ಕಟ್ಟಿದ್ದು ನಿನ್ನ ಕೈ. ನಾ ಬರದ್ರ ಅದು ನನ್ನ ಕೈ ಆಗತೈತಿ" ಅಂದು ಪೆನ್ನು ಮುಂದೆ ಹಿಡಿದರು.

ಒಂದು ಸಾಲಿಗೆ ಅರ್ಧ ತಾಸು ಹಿಡಿಯಿತು. ಅವರು ಅಕ್ಷರ ತಿದ್ದಲಿಲ್ಲ, ನಗಲಿಲ್ಲ. ಓದಿಸಿ ಕೇಳಿ, "ಖರೇ ಐತೇನು ಇದು?" ಅಂದರು. ಹೌದ್ರಿ ಅಂದೆ. "ಖರೇ ಇದ್ರ ಆತು." ದಿನಾ ಅದೇ ಪ್ರಶ್ನೆ. ಎರಡು ವರ್ಷ ದಿನಕ್ಕೊಂದು ಸಾಲು ಬರೆದೇ ನಾನು ಹೀಗೆ ನಾಲ್ಕು ಮಾತು ಬರೆಯಲು ಕಲಿತದ್ದು.

ಮನೆಯಲ್ಲೂ ಅವರಿಗೆ ಗಾಳಿಯದೇ ಚಿಂತೆ. ಕುರುಗೋಡಿನಲ್ಲಿ ಅವರ ಓಣಿಯದೊಂದು ಮದುವೆಗೆ ನನ್ನನ್ನೂ ಕರೆದಿದ್ದರು. ಊಟಕ್ಕೆ ಕೂತೆವು, ಎಲೆಗೆ ಹೋಳಿಗೆ ಬಿತ್ತು, ಇವರು ತಲೆ ಎತ್ತಿ ಶಾಮಿಯಾನ ನೋಡಿದರು. ಎದ್ದೇಬಿಟ್ಟರು. ಸುತ್ತಲೂ ಕಟ್ಟಿದ ಪಕ್ಕದ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚುತ್ತಾ ನಡೆದರು. ಹೆಣ್ಣಿನ ಮಾವ ಓಡಿ ಬಂದ.

"ಏ ತಾತಾ, ಏನ್ ಮಾಡಾಕತ್ತೀಯೋ? ಬಿಸಿಲು ಬರತೈತಿ!"

"ಬಿಸಿಲು ಬಂದ್ರ ಬೆವರ್ತೀರಿ. ಗಾಳಿ ಬಂದ್ರ ಶಾಮಿಯಾನದ ಸಂಗಡ ನೀವೂ ಹೊಸಪೇಟಿಗೆ ಹೋಗ್ತೀರಿ. ಸುತ್ತ ಮುಚ್ಚಿದ್ರ ಒಳಗ ಹೊಕ್ಕಿದ್ದು ಹೊರಗ ಹೋಗಾಕ ದಾರಿ ಬ್ಯಾಡೇನ್ರಿ? ಅದು ಮ್ಯಾಲಕ್ಕ ಎತ್ತತೈತಿ."

"ಮೊದಲು ನಿನ್ನ ಹೋಳಿಗಿ ಎತ್ತು, ಆರಾಕತ್ತೈತಿ!" ಅಂತ ಹೆಂಗಸರು ನಕ್ಕರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿ ಉಂಡೆ. ಕೈತೊಳೆಯುವಾಗ ಅವರು ನನಗೆ ಮಾತ್ರ ಕೇಳುವಂತೆ, "ಬಟ್ಟಿ ಅನ್ನೋದು ಗಾಳಿಗೆ ಇನ್ನೊಂದು ರೆಕ್ಕಿಲೇ. ತಿಳೀತಿಲ್ಲ? ವಿಮಾನಕ್ಕಂತೂ ಏನೂ ಹೊದಿಸಂಗಿಲ್ಲ" ಅಂದರು.

ತಿಳೀತ್ರಿ ಅಂದೆ.

ಅವತ್ತು ಮೇ ತಿಂಗಳ ಮಧ್ಯಾಹ್ನ. ಸಾಲಿಗೆ ರಜೆ. ಕ್ಯಾಪ್ಟನ್ ಹೈದರಾಬಾದಿಗೆ ಹೋಗಿದ್ದರು. ಯಜಮಾನ್ರು ಕಣ್ಣು ತೋರಿಸಲು ಬಳ್ಳಾರಿಗೆ ಹೋಗಿದ್ದರು. ಬಯಲಲ್ಲಿ ಎರಡು ವಿಮಾನ, ನಾನೊಬ್ಬ. ಎರಡರಲ್ಲಿ ಒಂದಕ್ಕೆ ಆಗಷ್ಟೇ ಹೊಸ ಬಣ್ಣ ಹೊಡೆಸಿದ್ದರು. ಬಿಳಿ, ಮೇಲೆ ನೀಲಿ ಪಟ್ಟಿ. ಕ್ಯಾಪ್ಟನ್ ಹೋಗುವಾಗ ಅದರ ಮೂಗು ಸವರಿ ಹೋಗಿದ್ದರು.

ಯಜಮಾನ್ರು ಫೋನು ಮಾಡಿದರು. "ಇಲ್ಲಿ ಬೇವಿನ ಎಲಿ ಅಲುಗವಲ್ದು. ಹೊಗಿ ನೋಡು."

ನೋಡಿದೆ. ಬೆಳಗಿನಿಂದ ಮೂಡಲಕ್ಕೆ ಬಾಗಿದ್ದ ಕುಡತಿನಿಯ ಹೊಗೆ ನೆಟ್ಟಗೆ ನಿಂತಿತ್ತು. "ಹೊಗಿ ನೆಟ್ಟಗ ನಿಂತ್ರ ಅಂಜು" ಅಂತ ಅವರು ನೂರು ಸಲ ಹೇಳಿದ್ದರು. ಒಂದು ಗಾಳಿ ನಿಂತಿದೆ ಅಂದರೆ ಎದುರಿನದು ಬರುತ್ತಿದೆ ಅಂತ.

"ಎರಡರ ಮೂಗೂ ಮೂಡಲಕ್ಕ ತಿರುವು. ಎರಡು ಬೆರಳು. ಗಾಲಿಗೆ ಅಡ್ಡಗಟ್ಟಿ ಕೊಡು. ಮತ್ತೇನೂ ಮಾಡಬ್ಯಾಡ. ನಾ ಬಸ್ ಹತ್ತೀನಿ." ಐದು ನಿಮಿಷಕ್ಕೆ ಮತ್ತೆ ಫೋನು. ಮತ್ತೆ ಅದೇ ಮಾತು. ಮೂರನೇ ಸಲ ಬಂದಾಗ ನನಗೆ ರೇಗಿತು. ನಾನೇನು ಕೂಸೇ? ಎತ್ತಲಿಲ್ಲ.

ಎರಡನ್ನೂ ತಿರುಗಿಸಿದೆ, ಅವರು ಹೇಳಿದಂತೆಯೇ ಕಟ್ಟಿದೆ. ಅಷ್ಟರಲ್ಲಿ ಮೂಡಲ ದಿಕ್ಕು ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಗುಡುಗು. ದಪ್ಪ ದಪ್ಪ ಎರಡು ಹನಿ, ಅದರ ಹಿಂದೆ ಒಂದು ಆಲಿಕಲ್ಲು ಬಂದು ರೆಕ್ಕೆಗೆ ಟಣ್ ಅಂತ ಬಡಿಯಿತು. ಹೊಸ ಬಣ್ಣ. ಶೆಡ್ಡಿನ ಮೂಲೆಯಲ್ಲಿ ನನ್ನ ತಾಡಪತ್ರಿ ಮಡಿಚಿಟ್ಟಿತ್ತು, ದೊಡ್ಡದು, ಲಾರಿಯದು. ನಾನು ಯೋಚಿಸಲಿಲ್ಲ. ಮೋಡ ಬಂದರೆ ತಾಡಪತ್ರಿ ಎಳೆಯುವುದು ಎಳೆ ವಯಸ್ಸಿನಿಂದ ಈ ಕೈಗೆ ಗೊತ್ತಿರುವ ಒಂದೇ ಬುದ್ಧಿ. ಹೊಸ ಬಣ್ಣದ ವಿಮಾನದ ಬೆನ್ನಿನ ಮೇಲೆ ಹಾಯಿಸಿ, ಎರಡೂ ರೆಕ್ಕೆ ಮುಚ್ಚಿ, ಅಂಚಿನ ಹಿತ್ತಾಳೆ ಕಣ್ಣುಗಳಿಗೆ ದಾರ ಪೋಣಿಸಿ ಕೆಳಗೆ ಬಿಗಿದೆ. ಚಂದ ಕಾಣಿಸಿತು. ಕಟ್ಟಿದ ಲೋಡು ಕಂಡಂತೆ ಕಾಣಿಸಿತು. ಯಜಮಾನ್ರು ಬಂದು ನೋಡಲಿ, ಹೇಳದೆಯೂ ಮಾಡುತ್ತೇನೆ ಅಂತ ಗೊತ್ತಾಗಲಿ ಅಂದುಕೊಂಡೆ.

ಗಾಳಿ ಬಂತು. ಮೊದಲು ಧೂಳು, ಆಮೇಲೆ ಸಪ್ಪಳ. ತಾಡಪತ್ರಿ ಎಣ್ಣೆಗೆ ಬಿದ್ದ ಪೂರಿಯಂತೆ ಒಮ್ಮೆಗೇ ಉಬ್ಬಿತು. ಒಂದು ಗಾಲಿ ನೆಲ ಬಿಟ್ಟಿತು. ನಾನು ಓಡಿ ರೆಕ್ಕೆಯ ಕೆಳಗಿನ ಕಂಬಿಗೆ ಜೋತುಬಿದ್ದೆ, ನನ್ನ ಕಾಲೂ ನೆಲ ಬಿಟ್ಟವು. ಹಗ್ಗ ಪಟಾಕಿ ಹೊಡೆದಂತೆ ಹರಿಯಿತು. ನನ್ನನ್ನು ಒದರಿ ಎಸೆದು ವಿಮಾನ ಗಿರಕ್ಕನೆ ಸುತ್ತಿತು, ಆ ಕಡೆಯ ರೆಕ್ಕೆ ನೆಲಕ್ಕೆ ಬಡಿದು ಮಡಿಚಿತು, ಬಾಲ ಹೋಗಿ ಬೇಲಿಯಲ್ಲಿ ಕೂತಿತು. ಒಂದು ಗಂಟು ಹಾಕುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿತ್ತು. ಹೂತ ಕಲ್ಲು ಕದಲಿರಲಿಲ್ಲ.

ಪಕ್ಕದ ವಿಮಾನಕ್ಕೆ ಏನೂ ಹೊದಿಸಿರಲಿಲ್ಲ. ಅದೇ ಹಗ್ಗ, ಅದೇ ಎರಡು ಬೆರಳು, ಅದೇ ಗಾಳಿ. ಕಟ್ಟಿದ ಎಮ್ಮೆ ಬಾಲ ಆಡಿಸುವಂತೆ ಸ್ವಲ್ಪ ಆಡಿ ನಿಂತಲ್ಲೇ ನಿಂತಿತ್ತು.

ತಾಡಪತ್ರಿ ಹಾರಿ ಕಾಲುವೆ ದಂಡೆಯ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತ್ತು. ಬಿಡಿಸಿ, ಮಡಿಚಿ, ಬೈಕಿಗೆ ಹಾಕಿಕೊಂಡು ಮನೆಗೆ ಒಯ್ದು ಮಂಚದ ಕೆಳಗೆ ತಳ್ಳಿ ಬಂದೆ. ಯಾಕೆ ಹಾಗೆ ಮಾಡಿದೆ ಅಂದರೆ, ನಾನು ಕಟ್ಟಿದ್ದು ಅದುವರೆಗೆ ಒಂದೂ ಬಿದ್ದಿರಲಿಲ್ಲ.

ಯಜಮಾನ್ರು ಬಂದಾಗ ತೊಯ್ದು ತೊಪ್ಪೆಯಾಗಿದ್ದರು. "ನಿನಗೇನೂ ಆಗಿಲ್ಲಲ್ಲ?" ಅಂತ ಮೊದಲು ನನ್ನ ಮೈಕೈ ಮುಟ್ಟಿ ನೋಡಿದರು. ಆಮೇಲೆ ವಿಮಾನವನ್ನು. ಮೂಗಿನಿಂದ ಬಾಲದ ತನಕ ಕೈಯಲ್ಲಿ ಸವರುತ್ತಾ ಹೋದರು. ರೆಕ್ಕೆಯ ಕೆಳಗೆ ಕಂಬಿ ಕೂಡುವ ಸಂದಿಯಲ್ಲಿ ಅವರ ಬೆರಳು ನಿಂತಿತು. ಏನೋ ಕಿತ್ತುಕೊಂಡರು. ಅಂಗೈಯಲ್ಲಿಟ್ಟು ಕಣ್ಣ ಹತ್ತಿರ ತಂದು ನೋಡಿದರು. ತಾಡಪತ್ರಿಯ ಹಿತ್ತಾಳೆ ಕಣ್ಣು.

ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಶೆಡ್ಡಿನಲ್ಲಿ ಕೂತು ನೋಟುಬುಕ್ಕು ತೆಗೆದು, ಆ ದಿನದ ಸಾಲಿನಲ್ಲಿ ತಾವೇ "ಮೂಡಲ ಗಾಳಿ, ಬಹಳ ಜೋರು. ಹಗ್ಗ ಮೂರು. ಎರಡು ಬೆರಳು" ಅಂತ ಬರೆದರು. ಪೆನ್ನು ನನ್ನ ಕಡೆ ಹಿಡಿದರು.

"ಉಳಿದದ್ದು ನೀ ಬರಿ."

"ಇವತ್ತ ಬ್ಯಾಡ್ರಿ ಯಜಮಾನ್ರ. ನಾಳಿ ಬರೀತೀನಿ."

"ಆತು. ನಾಳಿ."

ಮರುದಿನ ಕ್ಯಾಪ್ಟನ್ ಬಂದರು. ಹರಿದ ಹಗ್ಗ ಕೈಯಲ್ಲಿ ಹಿಡಿದು ಕೇಳಿದರು, "ಏಮಯ್ಯಾ, ಎಷ್ಟು ಸಡಿಲ ಬಿಟ್ಟಿದ್ದು?"

"ಎರಡು ಬೆರಳು ಸಾರ್" ಅಂದೆ.

"ಯಾರು ಹೇಳಿದ್ದು?"

"ನಾ ಹೇಳೀನಿ" ಅಂದರು ಯಜಮಾನ್ರು. "ಸಡಿಲದಿಂದ ಹರದಿಲ್ಲ ಸಾರ್. ಏನೋ ಎತ್ತೈತಿ."

"ಏನು ಎತ್ತಿತು?"

"ಕಟ್ಟಿದಾಂವ ಬರೀತಾನ."

ಕ್ಯಾಪ್ಟನ್ ನನ್ನ ಕಡೆ ತಿರುಗಿದರು. "ನೀನು ಏನಾದ್ರೂ ಮಾಡಿದ್ಯಾ? ನೋಡಿದ್ಯಾ?"

ಯಜಮಾನ್ರು ನನ್ನನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ಗಾಳಿ ಕೇಳುವಂತೆ ತಲೆಯನ್ನು ಸ್ವಲ್ಪ ವಾಲಿಸಿ ನಿಂತಿದ್ದರು.

"ಇಲ್ಲ ಸಾರ್" ಅಂದೆ.

ಹದಿನೈದು ದಿನಕ್ಕೆ ಅವರಿಗೆ ಕಣ್ಣು ಸರಿಯಿಲ್ಲ, ಇನ್ನು ವಿಶ್ರಾಂತಿ ತಗೊಳ್ಳಿ ಅಂತ ಹೇಳಿ ಕಳಿಸಿದರು. ಸಾಮಾನು ತುಂಬಿಕೊಂಡು ಹೊರಟಾಗ ನೋಟುಬುಕ್ಕು ಕಂಕುಳಲ್ಲಿತ್ತು. ಬಸ್ಸಿಗೆ ಕೈ ಮಾಡುವ ಮುಂಚೆ, "ಹೊಗಿ ನೋಡತಿರು" ಅಂದರು. ಅಷ್ಟೇ.

ಆಮೇಲಿನ ವರ್ಷಗಳನ್ನು ಹೇಗೆ ಕಳೆದೆ ಅಂತ ಬರೆದರೆ ನನಗೇ ಬೇಜಾರು. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಕ್ಯಾಪ್ಟನ್ ಮೊದಲ ಪಾಠಕ್ಕೆ ಅವರನ್ನು ಬಯಲಿಗೆ ಕರೆತರುತ್ತಿದ್ದರು. "ನೆಲದ ಮೇಲೆ ನಿಂತ ವಿಮಾನ ಗಾಳಿಗೆ ಹೋಗುತ್ತೆ, ನೆನಪಿಡಿ. ಇಲ್ಲಿ ಒಬ್ಬ ಮುದುಕ ಇದ್ದ, ಕಣ್ಣು ಕಾಣ್ತಿರಲಿಲ್ಲ, ಎರಡು ಬೆರಳು ಸಡಿಲ ಕಟ್ಟಿಸಿ ಒಂದು ವಿಮಾನ ಮುರಿಸಿದ." ಹುಡುಗರು ಎರಡು ಬೆರಳು ಎತ್ತಿ ತೋರಿಸಿ ನಗುತ್ತಿದ್ದರು. ನಾನು ಪಕ್ಕದಲ್ಲಿ ಹಗ್ಗ ಹಿಡಿದುಕೊಂಡು ನಿಂತಿರುತ್ತಿದ್ದೆ. ಕ್ಯಾಪ್ಟನ್ ಹುಕುಮಿನಂತೆ ಬಿಗಿಯಾಗಿ ಕಟ್ಟುತ್ತಿದ್ದೆ. ಎಲ್ಲರೂ ಹೋದ ಮೇಲೆ ಒಂದೊಂದೇ ಹಗ್ಗ ಬಿಚ್ಚಿ ಎರಡು ಬೆರಳು ಸಡಿಲ ಮಾಡಿ, ಬೆಳಿಗ್ಗೆ ಅವರು ಬರುವ ಮುಂಚೆ ಹೋಗಿ ಮತ್ತೆ ಬಿಗಿಯುತ್ತಿದ್ದೆ. ಎಷ್ಟು ಮಳೆಗಾಲ ಹೋದವು, ಒಂದು ರೆಕ್ಕೆಯ ತಗಡೂ ಮಡಿಚಲಿಲ್ಲ, ಒಂದು ಹಗ್ಗವೂ ಹರಿಯಲಿಲ್ಲ. "ಬಿಗಿ ಕಟ್ಟಿದ್ದಕ್ಕೆ ನೋಡು" ಅಂತ ಕ್ಯಾಪ್ಟನ್ ನನ್ನ ಬೆನ್ನು ತಟ್ಟುತ್ತಿದ್ದರು. ಆ ತಟ್ಟಿದ ಜಾಗ ಉರಿಯುತ್ತಿತ್ತು.

ಹೇಳಿಬಿಡಬೇಕು ಅಂತ ಎಷ್ಟು ಸಲ ಕುರುಗೋಡಿಗೆ ಹೋದೆನೋ. ಬಾಗಿಲಲ್ಲಿ ನಿಂತು ಬೆಳೆ, ಬಿಸಿಲು, ಬಸ್ಸು ಅಂತ ಮಾತಾಡಿ ಬರುತ್ತಿದ್ದೆ. ಕಡೆಯ ಸಲ ಅವರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು.

"ಈಗ ಹೆಂಗ ಕಟ್ಟತಾರ?"

"ಬಿಗಿ ಕಟ್ಟಸ್ತಾರ್ರಿ."

"ನೀ?"

"ಎರಡು ಬೆರಳು."

ಅವರು ನಕ್ಕರು. ನಗು ಮುಗಿದ ಮೇಲೂ ಏನೋ ಬರುತ್ತದೆ ಅಂತ ನನ್ನ ಕಡೆ ಕಿವಿ ಕೊಟ್ಟು ಕೂತರು. ನಾನು ಬಸ್ಸಿಗೆ ಹೊತ್ತಾಯಿತು ಅಂದೆ.

ತೀರಿಕೊಂಡ ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಮೂರನೇ ದಿನ ಹೋದೆ. ಅವರ ಹೆಂಡತಿ ಒಳಕೋಣೆಯಲ್ಲಿ ಕೂತಿದ್ದರು. ನನ್ನ ದನಿ ಕೇಳಿ ತಲೆ ಎತ್ತಿದರು.

"ಬರೇ ಮಾತಾಡಸಾಕ ಬಂದೀಯೋ, ಏನಾರ ಕೇಳಾಕ ಬಂದೀಯೋ ಯಪ್ಪಾ?"

ನನಗೆ ಅರ್ಥವಾಗಲಿಲ್ಲ. ಆದರೂ ಬಾಯಿ ತಾನೇ ಹೇಳಿತು, "ನೋಟುಬುಕ್ಕು ಕೇಳಾಕ ಬಂದೀನಮ್ಮಾ."

ಅವರು ಎದ್ದು ಹೋ‌ಗಿ ಟ್ರಂಕಿನಿಂದ ತಂದುಕೊಟ್ಟರು. "ಅಂವ ಕೇಳಿದ್ರ ಕೊಡು, ಕೇಳದಿದ್ರ ಬ್ಯಾಡ ಅಂದಿದ್ರು. ಪ್ರತಿ ಸಲ ನೀ ಬಂದಾಗ ಟ್ರಂಕಿನ ಕೀಲಿ ತೆಗೆದಿಡು ಅಂತಿದ್ರು. ಹ್ವಾದ ಮ್ಯಾಲ ಹಾಕಿಡು ಅಂತಿದ್ರು."

ಬಸ್ಸಿನಲ್ಲಿ ತೆರೆದೆ. ಆ ಪುಟದಲ್ಲಿ ಹಿತ್ತಾಳೆ ಕಣ್ಣು ಕಾಗದಕ್ಕೆ ಉಂಗುರದ ಗುರುತು ಮೂಡಿಸಿ ಕೂತಿತ್ತು. ಅವರ ಅಕ್ಷರ, ಎರಡು ಬೆರಳು ಅನ್ನುವ ತನಕ. ಆಮೇಲೆ ಖಾಲಿ. ಅದರ ಕೆಳಗೆ ಅವರು ಏನೂ ಬರೆದಿರಲಿಲ್ಲ. ಇಡೀ ಪುಸ್ತಕ ಅಲ್ಲಿಗೇ ನಿಂತಿತ್ತು.

ಕೊಳಗಲ್ಲಿಗೆ ಹೋಗಲಿಲ್ಲ, ನಡುವೆ ಸಾಲಿಯ ಹತ್ತಿರವೇ ಇಳಿದೆ. ಬಯಲಲ್ಲಿ ಕ್ಯಾಪ್ಟನ್ ಹೊಸ ತಂಡಕ್ಕೆ ಮೊದಲ ಪಾಠ ಹೇಳುತ್ತಿದ್ದರು. "ಇಲ್ಲಿ ಒಬ್ಬ ಮುದುಕ ಇದ್ದ..." ಅನ್ನುವಷ್ಟರಲ್ಲಿ ಹತ್ತಿರ ಹೋದೆ.

"ಸಾರ್, ಅದು ಅವರ ತಪ್ಪಲ್ಲ. ನಾನು ತಾಡಪತ್ರಿ ಹೊದಿಸಿದ್ದೆ."

ಕ್ಯಾಪ್ಟನ್ ಮಾತು ನಿಲ್ಲಿಸಿದರು. ನೋಟುಬುಕ್ಕು ತೆರೆದು ಹಿತ್ತಾಳೆ ಕಣ್ಣನ್ನು ಅವರ ಕೈಗೆ ಕೊಟ್ಟೆ. ಫೋನು ಎತ್ತದೆ ಬಿಟ್ಟದ್ದರಿಂದ ಹಿಡಿದು ಮಂಚದ ಕೆಳಗೆ ತಳ್ಳಿದ್ದರ ತನಕ ಎಲ್ಲ ಹೇಳಿದೆ. ದಿನಾ ಸಂಜೆ ಹಗ್ಗ ಸಡಿಲ ಮಾಡುತ್ತಿದ್ದದ್ದನ್ನೂ ಹೇಳಿದೆ. ಅವರ ಮುಖ ಕೆಂಪಗಾಯಿತು.

"ಇಷ್ಟು ವರ್ಷ ಯಾಕಯ್ಯಾ ಬಾಯಿ ಬಿಡಲಿಲ್ಲ?"

"ನಾ ಕಟ್ಟಿದ್ದು ಬಿದ್ದದ್ದು ಅದೊಂದ ಸಾರ್. ಒಪ್ಪಿಕೊಳ್ಳಾಕ ಆಗಲಿಲ್ಲ."

"ನಾಳೆಯಿಂದ ಬರಬೇಡ ಅಂದರೆ?"

"ಆತು ಸಾರ್. ಇವತ್ತಿಂದು ಕಟ್ಟಿ ಹೋಗತೀನಿ."

ಯಾರೂ ನಗಲಿಲ್ಲ. ಕ್ಯಾಪ್ಟನ್ ಆ ಹಿತ್ತಾಳೆಯನ್ನು ಬೆರಳಲ್ಲಿ ಹೊರಳಿಸುತ್ತಾ ವಿಮಾನದ ಹತ್ತಿರ ನಡೆದರು. ನಾನು ಬೆಳಿಗ್ಗೆ ಬಿಗಿದಿದ್ದ ಹಗ್ಗ ಮುಟ್ಟಿ ನೋಡಿದರು. ಬಗ್ಗಿದರು. ನನ್ನ ಕಡೆ ನೋಡದೆ ಕೇಳಿದರು.

"ಎರಡು ಬೆರಳು ಅಂದರೆ ಹೇಗೆ? ಉದ್ದಕ್ಕಾ, ಅಡ್ಡಕ್ಕಾ?"

"ಅಡ್ಡಕ್ಕ ಸಾರ್" ಅಂದೆ. ಬೆರಳು ಜೋಡಿಸಿ ತೋರಿಸಿದೆ.

ನೋಟುಬುಕ್ಕನ್ನು ರೆಕ್ಕೆಯ ನೆರಳಲ್ಲಿ ಮೊಣಕಾಲ ಮೇಲಿಟ್ಟುಕೊಂಡು ಆ ಸಾಲು ತುಂಬಿದೆ. "ತಾಡಪತ್ರಿ ಹೊದಿಸಿದ್ದು ನಾನು. ಬೇಡ ಅಂದಿದ್ದರು. ಕಟ್ಟಿದವನು ನಾನು." ಪುಟದ ಮೇಲ್ಗಡೆ ಅವರ ಹೆಸರು ಬರೆದೆ, ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಖರೇ ಐತೇನು ಅಂತ ಯಾರೂ ಕೇಳಲಿಲ್ಲ, ನಾನೇ ಒಮ್ಮೆ ಓದಿಕೊಂಡೆ.

ಅದರ ಕೆಳಗೆ ಇವತ್ತಿನ ಸಾಲು ಶುರು ಮಾಡಬೇಕಿತ್ತು. ಗಾಳಿ ಎಲ್ಲಿಂದ ಅಂತ ಬರೆಯಲು ಎದ್ದು ನಿಂತು, ಕಣ್ಣು ಮುಚ್ಚಿ ಮುಖ ತಿರುಗಿಸಿದೆ. ಒಂದು ಕಿವಿಯಲ್ಲೂ ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟು ಕುಡತಿನಿಯ ಕಡೆ ನೋಡಿದೆ.

ಹೊಗೆ ನೆಟ್ಟಗೆ ನಿಂತಿತ್ತು. ಪೆನ್ನು ಬಾಯಲ್ಲಿ ಕಚ್ಚಿಕೊಂಡು ಹಗ್ಗದ ಕಡೆ ಓಡಿದೆ.